ಹೆಸರು ಹೇಳದೆ ಒನಕೆ ಇಳಿಸಬೇಡಿ

ನಮ್ಮ ಅತ್ತೆಗೆ ಅವರದೇ ಹಾಡನ್ನು ‘ತಪ್ಪು ಹೇಳ್ತಿದ್ದೀರ’ ಅಂದುಬಿಟ್ಟರು!

ಅಂದವರು ಯಾವ ಸಂಗೀತ ವಿದ್ವಾಂಸರೂ ಅಲ್ಲ. ಮುಳಬಾಗಿಲಿನ ಒಂದು ಮದುವೆಮನೆಯಲ್ಲಿ, ಆಗಷ್ಟೇ ಪಾರ್ಲರಿನಿಂದ ಬಂದು ಕೂತಿದ್ದ ಒಬ್ಬ ಹುಡುಗಿ. ಅರಿಶಿನ ಕುಟ್ಟುವ ಶಾಸ್ತ್ರ ನಡೆಯುತ್ತಿತ್ತು. ಒರಳಿಗೆ ಕುಂಕುಮ ಇಟ್ಟು, ಒನಕೆಗೆ ವೀಳ್ಯದೆಲೆ ಕಟ್ಟಿ, ಮುತ್ತೈದೆಯರೆಲ್ಲ ಸುತ್ತ ಸೇರಿದ್ದರು. ಅತ್ತೆ ಹಾಡು ಎತ್ತಿಕೊಂಡು ಎರಡನೇ ನುಡಿಗೆ ಬಂದಿದ್ದರು ಅಷ್ಟೇ. ಹುಡುಗಿ ಮಧ್ಯೆ ಬಾಯಿ ಹಾಕಿದಳು.

“ಅಜ್ಜೀ, ಹಂಗಲ್ಲ. ಈ ಸಾಲು ರೀಲ್ಸಲ್ಲಿ ಇಲ್ವೇ ಇಲ್ಲ. ಇದು ಶ್ರೀನಿವಾಸಪುರದ ಶೋಭಕ್ಕನ ಹಾಡು, ಕೇಳಿ ಬೇಕಾದ್ರೆ” ಅಂತ ಫೋನ್ ತೆಗೆದು ಹಾಕಿಯೇಬಿಟ್ಟಳು. ಸೌಂಡೂ ಜೋರಾಗಿಯೇ ಇಟ್ಟಳಂತೆ.

ಈ ಶೋಭಕ್ಕ ಯಾರು? ನನ್ನ ಒಡಹುಟ್ಟಿದ ತಂಗಿ. ಅವಳಿಗೆ ಆ ಹಾಡು ಕಲಿಸಿದ್ದು ಯಾರು? ಒನಕೆ ಹಿಡಿದು ನಿಂತಿದ್ದ ಇದೇ ಅತ್ತೆ!

ಅತ್ತೆ ಅಂದರೆ ನಮ್ಮಪ್ಪನ ಅಕ್ಕ, ತಾಯಲೂರಿನ ನಾಗರತ್ನಮ್ಮ. (ಗಂಡನ ತಾಯಿಯ ವಿಷಯ ಬಂತು ಅಂತ ಖುಷಿಯಾಗಿ ಕೂತವರು ಕ್ಷಮಿಸಬೇಕು.) ಎಪ್ಪತ್ತು ದಾಟಿದೆ, ಗಂಟಲು ಮಾತ್ರ ಇನ್ನೂ ಇಪ್ಪತ್ತರಲ್ಲೇ ಇದೆ. ಹಾಡೋಕೆ ಮೈಕ್ ಕೊಟ್ಟರೆ ಅವಮಾನ ಅಂದುಕೊಳ್ಳುವ ಜಾತಿ. ಮೊದಲ ತಾಂಬೂಲ ತಮಗೇ ಬರಬೇಕು, ಬರದಿದ್ದರೆ ಆ ಮನೆಯ ಹೋಳಿಗೆಯಲ್ಲಿ ಉಪ್ಪು ಜಾಸ್ತಿ ಅಂತ ಊರೆಲ್ಲ ಸುದ್ದಿಯಾಗುತ್ತದೆ. ಅಂಥವರಿಗೆ ಫೋನ್ ಹಿಡಿದು ಪಾಠ ಹೇಳಿದರೆ?

ಅತ್ತೆ ಜಗಳ ಆಡಲಿಲ್ಲ. ಒನಕೆಯನ್ನು ಗೋಡೆಗೆ ಒರಗಿಸಿದರು. “ಹಂಗಾದ್ರೆ ಆ ಫೋನ್ ಕೈಲೇ ಕುಟ್ಟಿಸ್ಕೊಳ್ರಮ್ಮ” ಅಂದರು. ಊಟ ಮಾಡಿದರು (ಅದರಲ್ಲಿ ರಾಜಿ ಇಲ್ಲ). ಬಸ್ಸು ಹತ್ತಿ ಮನೆಗೆ ಹೋದವರೇ ಕೋಲಾರಕ್ಕೆ, ಅಂದರೆ ನನಗೆ, ಫೋನ್ ಮಾಡಿದರು.

“ನಿನ್ ತಂಗಿಗೆ ಹೇಳ್ಬಿಡು. ಅವಳ ಮಗಳ ಅರಿಶಿನಕ್ಕೆ ನಾನು ಬರಲ್ಲ. ಹಾಡೂ ಇಲ್ಲ, ಏನೂ ಇಲ್ಲ. ಮದುವೆಗೆ ಬೇಕಾದ್ರೆ ಬಂದು ಅಕ್ಷತೆ ಹಾಕ್ತೀನಿ.”

ಶೋಭಾ ಮಗಳು ಚೈತ್ರಾಳ ಮದುವೆ ಮುಂದಿನ ವಾರವೇ ಇತ್ತು. ನಮ್ಮ ಮನೆಯಲ್ಲಿ ಇದುವರೆಗೆ ಅತ್ತೆಯ ಹಾಡಿಲ್ಲದೆ ಯಾವ ಮದುವೆಯ ಅರಿಶಿನವೂ ಪುಡಿಯಾಗಿಲ್ಲ. ನನ್ನದಾಗಿಲ್ಲ, ಶೋಭಾಳದ್ದಾಗಿಲ್ಲ, ಊರು ಬಿಟ್ಟು ಓಡಿಹೋಗಿ ಆಮೇಲೆ ವಾಪಸ್ ಬಂದ ನಮ್ಮ ಚಿಕ್ಕಪ್ಪನ ಮಗನದ್ದೂ ಆಗಿಲ್ಲ. ವಿಷಯ ತಿಳಿದು ಚೈತ್ರಾ ಅತ್ತಳು. “ದೊಡ್ಡಮ್ಮ, ಅಜ್ಜಿ ಬರ್ದಿದ್ರೆ ನಂಗೆ ಅರಿಶಿನಾನೇ ಬೇಡ” ಅಂದಳು. ಮದುಮಗಳು ಅತ್ತರೆ ಮನೆಯಲ್ಲಿ ಯಾರಿಗೆ ಊಟ ಸೇರುತ್ತೆ ಹೇಳಿ?

ನಾನು ಆ ರೀಲ್ಸ್ ತೆಗೆದು ಮತ್ತೆ ನೋಡಿದೆ. (ಮೊದಲೇ ನೋಡಿದ್ದೆ. ಲೈಕ್ ಒತ್ತಿ, ಎರಡು ಹಾರ್ಟ್ ಬೇರೆ ಹಾಕಿದ್ದೆ. ತಂಗಿ ಅಲ್ಲವೇ?) ಶೋಭಾ ರೇಷ್ಮೆ ಸೀರೆ ಉಟ್ಟು, ಮಾವಿನ ತೋಟದ ಮಧ್ಯೆ ಒರಳಿಟ್ಟುಕೊಂಡು ಅರಿಶಿನ ಕುಟ್ಟುತ್ತಿದ್ದಾಳೆ. ತೋಟ ಅವಳ ಗಂಡನದ್ದೇ. ಹಾಡಿರುವುದೂ ಅವಳೇ, ಚೆನ್ನಾಗಿಯೇ ಹಾಡಿದ್ದಾಳೆ. ಆದರೆ ಹಾಡಿನ ಮೊದಲ ನುಡಿ ಇದೆ, ಎರಡನೆಯದು ಹಾರಿಹೋಗಿದೆ, ಮೂರನೆಯದರಲ್ಲಿ ಅರ್ಧ ಇದೆ. ಅಲ್ಲಿಗೆ ಮುಗಿಯಿತು. ಕೆಳಗೆ ಆ್ಯಪು ತಾನಾಗಿಯೇ ಬರೆದುಕೊಂಡಿದೆ: ‘ಒರಿಜಿನಲ್ ಆಡಿಯೋ, ಶೋಭಾ’.

ಒರಿಜಿನಲ್ಲಂತೆ!

ಆ ಒರಿಜಿನಲ್ಲಿನ ಮೇಲೆ ಯಾರ್ಯಾರೋ ರೀಲ್ಸ್ ಮಾಡಿದ್ದಾರೆ. ಮಾಲೂರಿನ ಒಬ್ಬ ಮದುಮಗಳು ಕುಣಿದಿದ್ದಾಳೆ. ಇನ್ಯಾರೋ ಅದೇ ಹಾಡು ಹಾಕಿ ಮಿಕ್ಸಿಯಲ್ಲಿ ಅರಿಶಿನ ರುಬ್ಬಿದ್ದಾರೆ. ಎಲ್ಲರೂ ಶೋಭಾಗೆ ಥ್ಯಾಂಕ್ಸ್ ಹೇಳಿದ್ದಾರೆ, ಅವಳು ಎಲ್ಲರಿಗೂ ಕೈಮುಗಿದಿದ್ದಾಳೆ.

ಫೋನ್ ಮಾಡಿದೆ. “ಅಕ್ಕಾ, ಜನಪದ ಹಾಡಿಗೆ ಯಾರ್ ಕ್ರೆಡಿಟ್ ಕೊಡೋದೇ? ಅದು ಎಲ್ಲರ್ದೂ ಅಲ್ವಾ?” ಅಂದಳು. ಮಾತು ನ್ಯಾಯವಾಗಿಯೇ ಇತ್ತು. ಆದರೆ ನನಗೆ ಹಿಂದಿನ ಬೇಸಿಗೆ ನೆನಪಿತ್ತು. ಇವಳ ಮಾವಿನಕಾಯಿ ತೊಕ್ಕಿನ ವಿಡಿಯೋವನ್ನು ಯಾರೋ ಹೆಸರು ಅಳಿಸಿ ತಮ್ಮದೆಂದು ಹಾಕಿಕೊಂಡಾಗ ನಮ್ಮ ಶೋಭಾ ಇಡೀ ದಿನ ಊಟ ಬಿಟ್ಟಿದ್ದಳು. ‘ಕಳ್ಳರು ಅಕ್ಕಾ, ಕಳ್ಳರು! ಒಂದು ಟ್ಯಾಗ್ ಮಾಡೋಕೆ ಏನು ರೋಗ?’ ಅಂತ ನನ್ನ ಕಿವಿ ತೂತು ಮಾಡಿದ್ದಳು.

“ಮಾವಿನಕಾಯಿಗೆ ಉಪ್ಪು ಖಾರ ಹಾಕೋದೂ ಎಲ್ಲರ್ದೂ ಅಲ್ವೇನೇ?” ಅಂದೆ.

ಸಣ್ಣ ದನಿಯಲ್ಲಿ, “ಭಾನುವಾರ ತಾಯಲೂರಿಗೆ ಹೋಗ್ಬರೋಣ್ವಾ?” ಅಂದಳು. ನನ್ನ ತಂಗಿಯಲ್ಲಿ ನನಗೆ ಇಷ್ಟವಾಗುವುದು ಇದೇ. ಹಟ ಇದೆ, ಆದರೆ ಬೇಗ ಕರಗುತ್ತದೆ.

ಹೋದೆವು. ಅತ್ತೆ ಜಗಲಿಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನಮ್ಮನ್ನು ನೋಡಿದರು. ಕುಟ್ಟುವುದು ಸ್ವಲ್ಪ ಜೋರಾಯಿತು.

“ಅತ್ತೆ, ತಪ್ಪಾಯ್ತು” ಅಂತ ಶೋಭಾ ಪಕ್ಕದಲ್ಲೇ ಕೂತಳು. “ಇವತ್ತೇ ನಿಮ್ ಹೆಸರು ಹಾಕ್ತೀನಿ. ‘ಕಲಿಸಿದವರು ನಮ್ಮ ನಾಗರತ್ನತ್ತೆ’ ಅಂತ ದಪ್ಪ ಅಕ್ಷರದಲ್ಲಿ.”

“ನನ್ ಹೆಸರು ಯಾರಿಗೆ ಬೇಕೇ?” ಅಂದರು ಅತ್ತೆ. (ಸ್ವಲ್ಪ ಬೇಕು ಅಂತ ಮುಖದಲ್ಲಿ ಕಾಣುತ್ತಿತ್ತು.) “ಕಡೇ ನುಡಿ ಎಲ್ಲೇ? ಆ ಹುಡುಗಿ ಫೋನಲ್ಲಿ ಪೂರ್ತಿ ಕೇಳ್ದೆ. ಕಡೇ ನುಡಿ ಬರ್ಲೇ ಇಲ್ಲ.”

“ಅದು ಬರೀ ಹೆಸರಲ್ವಾ ಅತ್ತೆ? ಅದನ್ಯಾರು ಕೇಳ್ತಾರೆ ಅಂತ ಕಟ್ ಮಾಡ್ದೆ.”

ಅತ್ತೆಯ ಕೈ ನಿಂತಿತು. “ಪೇರು ಚೆಪ್ಪಕುಂಡಾ ಪಾಟೇಮೇ?” ಅಂದರು. ಹೆಸರು ಹೇಳದೆ ಅದೆಂಥಾ ಹಾಡೇ ಅಂತ. ಅತ್ತೆಗೆ ಸಣ್ಣ ಸಿಟ್ಟು ಬಂದರೆ ಕನ್ನಡ, ದೊಡ್ಡ ಸಿಟ್ಟು ಬಂದರೆ ತೆಲುಗು. ಇದು ದೊಡ್ಡದು.

ಇಲ್ಲಿ ನಿಮಗೆ ಒಂದು ಪದ್ಧತಿ ಹೇಳಬೇಕು. ಅತ್ತೆಯ ಬೀದಿಯಲ್ಲಿ ಶಾಸ್ತ್ರದ ಹಾಡಿಗೆಲ್ಲ ಕಡೆಯಲ್ಲಿ ಒಂದು ಹೆಸರಿನ ನುಡಿ ಇರುತ್ತದೆ. ಆ ಹಾಡನ್ನು ಕಲಿಸಿದವರು ಯಾರು ಅಂತ ಅದರಲ್ಲಿ ಹೇಳಬೇಕು. ಅದನ್ನು ಹೇಳುವವರೆಗೆ ಕುಟ್ಟುವವರು ಒನಕೆ ಇಳಿಸುವಂತಿಲ್ಲ. ಅರಿಶಿನ ಎಷ್ಟೇ ನುಣ್ಣಗಾಗಿರಲಿ, ಕೈ ಎಷ್ಟೇ ಸೋತಿರಲಿ, ಹೆಸರು ಬಂದ ಮೇಲೇ ಕೆಳಗೆ. ನಾವು ಚಿಕ್ಕವರಿದ್ದಾಗ ಆ ನುಡಿ ಯಾವಾಗ ಬರುತ್ತೋ ಅಂತ ಕಾಯುತ್ತಿದ್ದೆವು, ಬಂದರೆ ಬೆಲ್ಲದ ಪಾನಕ ಗ್ಯಾರಂಟಿ. ಆ ಹೆಸರು ಯಾರದ್ದು ಅಂತ ನಾನಾಗಲೀ ಶೋಭಾ ಆಗಲೀ ಒಂದು ದಿನವೂ ಕೇಳಿರಲಿಲ್ಲ. ಶೋಭಾ ಈಗ ಕೇಳಿದಳು.

ಹೆಸರು ಸುಬ್ಬಕ್ಕ. ಬಳೆ ಮಾರುತ್ತಿದ್ದ ಹೆಂಗಸು. ಆಂಧ್ರದ ಕಡೆಯಿಂದ ನಡೆದು ಬರುತ್ತಿದ್ದಳಂತೆ, ಅರ್ಧ ತೆಲುಗು, ಅರ್ಧ ಕನ್ನಡ. ಇದೇ ಜಗಲಿಯಲ್ಲಿ ಗಂಟು ಬಿಚ್ಚುತ್ತಿದ್ದಳು. ಗಾಜಿನ ಬಳೆ ಏರಿಸುವಾಗ ಕೈ ನೋಯುತ್ತಲ್ಲ? ಮಕ್ಕಳು ಅಳುತ್ತವಲ್ಲ? ಅವರ ಗಮನ ಬೇರೆ ಕಡೆ ಹೋಗಲಿ ಅಂತ ಹಾಡು ಹೇಳುತ್ತಿದ್ದಳು. ಒಂದು ಬಳೆಗೆ ಒಂದು ನುಡಿ.

“ನಂದು ಗಟ್ಟಿ ಕೈ. ಬಳೆ ಸಲೀಸಾಗಿ ಏರ್ತಿರ್ಲಿಲ್ಲ. ಅದಕ್ಕೇ ನಂಗೆ ಎಲ್ಲರಿಗಿಂತ ಜಾಸ್ತಿ ಹಾಡು ಬಂತು” ಅಂತ ಅತ್ತೆ ಮೊದಲ ಸಲ ನಕ್ಕರು.

ಆಮೇಲೆ ಒಂದು ವರ್ಷ ಸುಬ್ಬಕ್ಕ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಯಾವ ಊರು ಅಂತ ಯಾರೂ ಕೇಳಿಟ್ಟುಕೊಂಡಿರಲಿಲ್ಲ. “ಮಕ್ಕಳಿರ್ಲಿಲ್ಲ ಕಣೇ ಅವಳಿಗೆ. ಫೋಟೋ ಎಲ್ಲಿಂದ ಬರಬೇಕು? ಅವಳು ಇದ್ಲು ಅನ್ನೋಕೆ ಈ ಒಂದು ನುಡಿ ಐತೆ. ಅದನ್ನೂ ನೀನು ಕಟ್ ಮಾಡ್ಬಿಟ್ರೆ?”

ಶೋಭಾ ತಲೆ ತಗ್ಗಿಸಿದಳು. ಕೇಳಿಯೂ ಕೇಳಿಯೂ ಸವೆದುಹೋಗಿದ್ದ ಆ ನುಡಿಯನ್ನು ಅತ್ತೆ ಹುಣಸೆಹಣ್ಣಿನ ಮುಂದೆಯೇ ಹಾಡಿದರು:

ತಲೆಮೇಲೆ ಬಳೆಗಂಟು, ಬಾಯಲ್ಲಿ ಪದಗಂಟು
ಸುಬ್ಬಕ್ಕ ಕಲಿಸ್ಯಾಳು ನಮಗೆಲ್ಲ, ಸುಬ್ಬಕ್ಕನ
ಹೆಸರ್ಹೇಳಿ ಒನಕೆ ಇಳಿಸೀರೆ.

“ಪೂರ್ತಿ ಹಾಡನ್ನೇ ಹಾಕ್ತೀನಿ ಅತ್ತೆ” ಅಂದಳು ಶೋಭಾ. ಆದರೆ ರೀಲ್ಸ್ ಮಾಡುವವಳ ತಲೆ ಸುಮ್ಮನಿರುತ್ತದೆಯೇ? “ಒಂದೇ ತೊಂದ್ರೆ. ಜನ ಕಡೇ ತನಕ ನೋಡಲ್ಲ. ಎರಡು ನಿಮಿಷದ ಹಾಡಾದ್ರೆ ಅರ್ಧಕ್ಕೇ ಬೆರಳಲ್ಲಿ ತಳ್ಳಿಬಿಡ್ತಾರೆ. ಕಡೇ ನುಡಿ ಯಾರ ಕಿವಿಗೂ ಬೀಳಲ್ಲ.”

ಈಗ ಅತ್ತೆ ಸಂಪ್ರದಾಯ ಬೋಧಿಸುತ್ತಾರೆ, ಇನ್ನೊಂದು ಜಗಳ ಗ್ಯಾರಂಟಿ ಅಂತ ನಾನು ಕಾಫಿ ಲೋಟ ಕೆಳಗಿಟ್ಟೆ. ಅತ್ತೆ ಒಂದು ಹುಣಸೆಬೀಜ ಆಚೆ ಎಸೆದರು.

“ಹಂಗಾದ್ರೆ ಅದನ್ನ ಮೊದ್ಲೇ ಹೇಳು.”

“ಮೊದ್ಲಾ? ಕಡೇಲಿ ತಾನೇ ಹೇಳ್ಬೇಕು?”

“ಅರಿಶಿನ ಕುಟ್ಟೋಕೆ ಕೂತೋರು ಕಡೇ ತನಕ ಕೂತಿರ್ತಿದ್ರು, ಅದಕ್ಕೆ ಕಡೇಲಿ ಇಟ್ರು. ನಿನ್ ಜನ ಎದ್ದು ಓಡೋ ಜನ. ಓಡೋಕೆ ಮುಂಚೆ ಹೇಳ್ಬಿಡು. ಹೆಸರು ಬಿದ್ರೆ ಸಾಕು ಕಿವಿಗೆ.”

ನೋಡಿ, ಇಷ್ಟೇ! ನಾವು ಇದಕ್ಕೆ ಕಾಪಿರೈಟು, ಕ್ರೆಡಿಟ್ಟು, ಟ್ಯಾಗು ಅಂತ ದೊಡ್ಡ ದೊಡ್ಡ ಮಾತು ಹುಡುಕುತ್ತೇವೆ. ಜಾಗ ಇಲ್ಲ ಅನ್ನುತ್ತೇವೆ, ಟೈಮಿಲ್ಲ ಅನ್ನುತ್ತೇವೆ. ಹಾಕಿದ ಲಿಪ್‌ಸ್ಟಿಕ್ ಯಾವ ಶೇಡು ಅಂತ ಬರೆಯೋಕೆ ಜಾಗ ಇರುತ್ತದೆ. ಸೀರೆ ಕೊಟ್ಟ ಅಂಗಡಿಗೆ ಜಾಗ ಇರುತ್ತದೆ. ಸ್ಟೆಪ್ ಯಾರದ್ದು, ರಂಗೋಲಿ ಯಾರದ್ದು, ಈ ಜೋಕು ಮೊದಲು ಹೇಳಿದವರು ಯಾರು ಅನ್ನುವಾಗ ಮಾತ್ರ ಇದ್ದಕ್ಕಿದ್ದಂತೆ ಸ್ಕ್ರೀನು ಚಿಕ್ಕದಾಗಿಬಿಡುತ್ತದೆ. ಯಾಕೆ?

ಅದು ಕೆಟ್ಟತನ ಅಂತ ನನಗೆ ಅನ್ನಿಸುವುದಿಲ್ಲ. ಶೋಭಾ ಕೆಟ್ಟವಳಲ್ಲ. ಬಹಳ ಸಲ ಅದು ಬರೀ ಅವಸರ. ಚೆನ್ನಾಗಿರುವುದು ಕಣ್ಣಿಗೆ ಬಿತ್ತು, ಎತ್ತಿಕೊಂಡೆವು, ಹಾಕಿದೆವು. ಎಲ್ಲಿಂದ ಬಂತು ಅಂತ ಕೇಳುವಷ್ಟು ಹೊತ್ತು ನಿಲ್ಲಲಿಲ್ಲ. ಉಳಿದದ್ದನ್ನು ಆ್ಯಪು ಬರೆದುಕೊಂಡಿತು.

ಜಗಲಿಯಲ್ಲೇ ಶೂಟಿಂಗ್ ಆಯಿತು. ಅತ್ತೆಗೆ ಫಿಲ್ಟರ್ ಬೇಡ ಅನ್ನಿಸುತ್ತದೆ ಅಂತ ನಾನು ಎಣಿಸಿದ್ದೆ. ತಪ್ಪು. “ಮುಖ ಬೆಳ್ಳಗಾಯ್ತಾ? ಇರ್ಲಿ ಬಿಡು, ಚೆನ್ನಾಗೈತೆ” ಅಂದರು. ಅತ್ತೆ ಸುಬ್ಬಕ್ಕನ ಹೆಸರು ಹಾಡಿದರು. ಆಮೇಲೆ ಶೋಭಾ ಪದ್ಧತಿಯ ಪ್ರಕಾರ ತನಗೆ ಕಲಿಸಿದವರ ಹೆಸರನ್ನು, ಅಂದರೆ ನಾಗರತ್ನತ್ತೆಯ ಹೆಸರನ್ನು, ಸೇರಿಸಿ ಹಾಡಿದಳು. ನನ್ನ ಹೆಸರು ಯಾರಿಗೆ ಬೇಕು ಅಂದಿದ್ದವರು ಏನಂದರು ಗೊತ್ತೇ?

“ಇನ್ನೊಂದ್ಸಲ ಹೇಳೇ. ಸರಿಯಾಗಿ ಕೇಳ್ಸಲಿಲ್ಲ.”

ಅರಿಶಿನದ ದಿನ ಅತ್ತೆ ಮೊದಲ ಬಸ್ಸಿಗೇ ಶ್ರೀನಿವಾಸಪುರದಲ್ಲಿ ಇಳಿದರು. ನಾವಿನ್ನೂ ಒರಳು ತೊಳೆಯುತ್ತಿದ್ದೆವು. ಬಂದವರೇ ಒರಳು ಇಟ್ಟ ದಿಕ್ಕು ಸರಿಯಿಲ್ಲ ಅಂತ ಬೈದರು. ನಮಗೆ ಹೋದ ಜೀವ ಬಂದಂತಾಯಿತು. ಚೈತ್ರಾ ಓಡಿಬಂದು ಕುತ್ತಿಗೆಗೆ ಜೋತುಬಿದ್ದಳು. ಮೊದಲ ತಾಂಬೂಲ ಯಾರಿಗೆ ಹೋಯಿತು ಅಂತ ನಾನು ಹೇಳಬೇಕಾಗಿಲ್ಲ. ಫೋನು ಹಿಡಿದ ಹುಡುಗಿಯರು ಸುತ್ತ ಗುಂಪುಗಟ್ಟಿದ್ದರು, ಒಬ್ಬಳೂ ತಪ್ಪು ಅನ್ನಲಿಲ್ಲ. ನನ್ನ ಕೈ ಬಿದ್ದುಹೋಗುವಷ್ಟು ನೋಯುತ್ತಿತ್ತು. ಆದರೂ ಎರಡು ಹೆಸರೂ ಬರುವವರೆಗೆ ಒನಕೆ ಇಳಿಸಲಿಲ್ಲ. ಅಷ್ಟು ಸಂತೋಷದ ಕೈನೋವು ಈಚೆಗೆ ಬಂದಿರಲಿಲ್ಲ.

ಹೊಸ ರೀಲ್ಸ್ ಹಳೆಯದರಷ್ಟು ಓಡಿಲ್ಲ. ಸುಳ್ಳು ಯಾಕೆ ಹೇಳಲಿ? ಆದರೆ ಮದುವೆ ಮುಗಿದ ಮಧ್ಯಾಹ್ನ ಚಾಪೆ ಮೇಲೆ ಕಾಲು ಚಾಚಿದ್ದ ಅತ್ತೆಗೆ ಶೋಭಾ ಕಾಮೆಂಟುಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದಳು. ನಡುವೆ ಯಾರೋ, ನಾವು ಯಾವತ್ತೂ ನೋಡದ ಯಾರೋ, ‘ಈ ಸುಬ್ಬಕ್ಕ ಯಾರು? ಅವರ ಬೇರೆ ಹಾಡು ಇದ್ದರೆ ಹಾಕಿ’ ಅಂತ ಬರೆದಿದ್ದರು. ಅದರ ಕೆಳಗೆ ಇನ್ನೊಬ್ಬರು, ‘ನಮಗೂ ತಿಳಿಸಿ’.

ಅತ್ತೆ ಎದ್ದು ಕೂತರು. “ಇನ್ನೊಂದ್ಸಲ ಓದೇ” ಅಂದರು. ಶೋಭಾ ಓದಿದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಕೇಳ್ತಾವ್ರಲ್ಲೇ! ಸುಬ್ಬಕ್ಕ ಯಾರು ಅಂತ ಕೇಳ್ತಾವ್ರಲ್ಲೇ! ಬರಿ, ನಾನು ಹೇಳ್ತೀನಿ” ಅಂತ ಶುರು ಮಾಡಿದರು. ಸಂಜೆ ಕಾಫಿಯಾದರೂ ಮುಗಿದಿರಲಿಲ್ಲ.

ಹಳೆಯ ರೀಲ್ಸಿನ ಕೆಳಗೆ ರಾಶಿ ರಾಶಿ ‘ಸೂಪರ್ ಅಕ್ಕ’ ಇದೆ, ಈ ಪ್ರಶ್ನೆ ಒಂದು ಕಡೆಯೂ ಇಲ್ಲ. ಇರುವುದಾದರೂ ಹೇಗೆ? ನಾವು ಹೆಸರನ್ನೇ ಹೇಳದಿದ್ದರೆ, ಪಾಪ, ಕೇಳುವವರು ಯಾರ ಬಗ್ಗೆ ಅಂತ ಕೇಳಬೇಕು?