ಎರಡು ಗುಂಡಗಡಗಿಗಳು

ಟಕ್ ಎಂಬ ಒಂದು ಸಣ್ಣ ಶಬ್ದ. ಹತ್ತು ನಿಮಿಷ ಬಿಟ್ಟು ಇನ್ನೊಂದು ಟಕ್. ಕಲಬುರಗಿಯ ಒಂದು ನರ್ಸಿಂಗ್ ಹೋಮಿನ ಎರಡು ಮಂಚದ ರೂಮಿನಲ್ಲಿ ನಾನು ಅಡ್ಮಿಟ್ ಆದ ಮೊದಲ ಬೆಳಿಗ್ಗೆ, ಹಸಿರು ಕರ್ಟನ್ನಿನ ಆಚೆಯಿಂದ ಅದು ಕೇಳಿಸಿತು. ಯಾರೋ ಪೌಡರ್ ಕಾಂಪ್ಯಾಕ್ಟ್ ತೆರೆದು ಮುಖ ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ನನಗೆ ಮೊದಲು ಹೊಳೆಯುವುದೆಲ್ಲ ಹಾಗೆಯೇ. ಏಳನೇ ವಯಸ್ಸಿನಿಂದ ಹೈದರಾಬಾದಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು ನಾನು.

ಅದು ಗುಂಡಗಡಗಿಯ ಮುಚ್ಚಳದ ಶಬ್ದವಾಗಿತ್ತು. ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ದುಂಡನೆಯ ಬೆಳ್ಳಿಯ ಕರಡಿಗೆಗೆ ನಮ್ಮ ಕಡೆ ಗುಂಡಗಡಗಿ ಎನ್ನುತ್ತಾರೆ. ಕರ್ಟನ್ ಸರಿಸಿ ನೋಡಿದರೆ ಪಕ್ಕದ ಮಂಚದಾಕೆ ಲಿಂಗವನ್ನು ಒಳಗಿಟ್ಟು ದಾರವನ್ನು ಸೆರಗಿನೊಳಗೆ ಸರಿಪಡಿಸಿಕೊಳ್ಳುತ್ತಿದ್ದಳು. ಜೇವರ್ಗಿ ತಾಲೂಕಿನ ಒಂದು ಹಳ್ಳಿಯವಳು. ನನಗಾಗ ಅರವತ್ತೊಂದು, ಆಕೆಗೆ ಐವತ್ತರ ಸುಮಾರು. ಮೈಯಲ್ಲಿ ರಕ್ತವೇ ಇಲ್ಲವೆಂದು ನಾಲ್ಕು ದಿನ ಮೊದಲೇ ಮಲಗಿಸಿ ಬಾಟಲಿ ಏರಿಸುತ್ತಿದ್ದರು.

“ಬಾಯಾರ, ನಿಮಗೂ ಚೀಲ ತೆಗಿಯೋದೇನ್ರಿ?” ಎಂದಳು.

ಗರ್ಭಚೀಲ ತೆಗೆಯುವುದಕ್ಕೆ ಡಾಕ್ಟರು ಹೇಳಿದ ಹಿಸ್ಟರೆಕ್ಟಮಿ ಎಂಬ ಪದವನ್ನು ಮನೆಯಲ್ಲಿ ನಾನು ಪಿಸುಮಾತಿನಲ್ಲಿ ಹೇಳುತ್ತಿದ್ದೆ. ನಮ್ಮ ಯಜಮಾನರು ಆಳಂದದಲ್ಲಿ ಕೇಳಿದವರಿಗೆಲ್ಲ “ಹರ್ನಿಯಾ” ಎಂದಿದ್ದರು. ಆಕೆ ಅದನ್ನು ತೊಗರಿಯ ಚೀಲ ಇಳಿಸಿದಂತೆ ರೂಮಿನ ನಡುವೆ ಧಡಕ್ಕನೆ ಇಳಿಸಿದಳು.

“ಹೌದು” ಎಂದೆ.

“ಛಲೋ ಆತ್ರಿ. ನಂದು ನಾಲ್ಕು ಹೊತ್ತದ. ಮೂರು ಉಳಿಸಿಕೊಟ್ಟದ. ಇನ್ನ ಅದಕ್ಕೂ ಪೆನ್ಶನ್ ಬ್ಯಾಡೇನ್ರಿ?”

ನನ್ನ ಆಪರೇಷನ್ ಮರುದಿನ. ಮೈಮೇಲೆ ಲೋಹದ್ದೇನೂ ಇರಬಾರದು ಎಂದು ನರ್ಸ್ ಹೇಳಿದಳು. ಬಳೆ, ಮೂಗುತಿ, ಕಾಲುಂಗುರ ಯಜಮಾನರ ಕೈಗೆ ಹೋದವು. ನನ್ನ ಗುಂಡಗಡಗಿ ಕೊರಳಲ್ಲಿರಲೇ ಇಲ್ಲ. ಕಾನ್ವೆಂಟಿನಲ್ಲಿ ಪಿ.ಟಿ. ಟೀಚರ್ ಅದನ್ನು ಲಾಕೆಟ್ ಎಂದು ತಿಳಿದು ತೆಗೆಸಿದ ಮೇಲೆ, ನಾನು ಮತ್ತೆ ಕಟ್ಟಿಕೊಂಡದ್ದು ಮದುವೆಯ ದಿನ ಮಾತ್ರ. ಆಸ್ಪತ್ರೆಗೆ ಹೊರಡುವಾಗ ಯಜಮಾನರು ಟ್ರಂಕಿನಿಂದ ತೆಗೆದು ನನ್ನ ಹ್ಯಾಂಡ್‌ಬ್ಯಾಗಿಗೆ ಹಾಕಿದ್ದರು. ಥಿಯೇಟರಿಗೆ ಹೊರಡುವ ಗಡಿಬಿಡಿಯಲ್ಲಿ ಅದು ಬ್ಯಾಗಿನಿಂದ ಜಾರಿ ಹಾಸಿಗೆಯ ಮೇಲೆ ಬಿತ್ತು.

“ಪರ್ಸಿನ್ಯಾಗ ಇಟ್ಟೀರೇನ್ರಿ? ಬಾಚಣಿಗಿ ಜೋಡಿ?” ಆಕೆ ಬೈಯಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟಳು. “ಇಲ್ಲಿ ಕೊಡ್ರಿ. ನೀವು ಒಳಗ ಎಚ್ಚರ ಇಲ್ಲದ ಮಕ್ಕೊಂಡಾಗ ಇದಕ್ಕ ಯಾರದರಾ ಕೈ ಬೇಕು.”

ಎರಡು ತಾಸು ಅದನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದಳಂತೆ. ನನ್ನನ್ನು ರೂಮಿಗೆ ತಂದಾಗ ಯಜಮಾನರು ಕ್ಯಾಂಟೀನಿನಲ್ಲಿದ್ದರು. ಅರೆಎಚ್ಚರದಲ್ಲಿ ನನಗೆ ಮೊದಲು ತಿಳಿದದ್ದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಆಕೆ ಅದನ್ನು ಅಂಗೈಯಲ್ಲಿಟ್ಟದ್ದು.

ಮೂರನೇ ದಿನ ಆಕೆಯ ಸರದಿ. ಹೇಳಿದ್ದಕ್ಕಿಂತ ಮೊದಲೇ ಕರೆಯಲು ಬಂದರು. ಜೊತೆಗಿದ್ದ ಆಕೆಯ ಸೊಸೆ ಔಷಧಿ ತರಲು ಕೆಳಗೆ ಹೋಗಿದ್ದಳು. “ನಿಮ್ಮದು ನಾ ಹಿಡಿದೆ, ನಂದು ನೀವು ಹಿಡೀರಿ” ಎಂದು ಕೊರಳಿಂದ ತೆಗೆದು ಕೊಟ್ಟಳು.

ಮುಂದಿನದ್ದನ್ನು ನಾನು ಸರಿಯಾಗಿ ಹೇಳಬೇಕು. ನೋವಿನ ಇಂಜೆಕ್ಷನ್ನಿಗೆ ತಲೆ ಹಗುರವಾಗಿತ್ತು. ಆಕೆಯ ಗುಂಡಗಡಗಿ ಬೆವರು, ವಿಭೂತಿ ಸೇರಿ ಕಪ್ಪಾಗಿತ್ತು. ಉಪಕಾರಕ್ಕೆ ಪ್ರತ್ಯುಪಕಾರ ಎಂದು ಟೇಬಲ್ಲಿನ ಮೇಲಿದ್ದ ಸ್ಪಿರಿಟ್ ಹತ್ತಿ ತೆಗೆದುಕೊಂಡು ಒರೆಸತೊಡಗಿದೆ. ಬೆಳ್ಳಿ ತೊಳೆಯುವುದು ವಿಭೂತಿಯಿಂದಲೇ ಎಂಬುದು ನಮ್ಮವರಲ್ಲಿ ಕೂಸಿಗೂ ಗೊತ್ತು. ನನಗೆ ಗೊತ್ತಿದ್ದದ್ದು ಸಿಸ್ಟರ್‌ಗಳು ಕಲಿಸಿದ ಹೈಜೀನ್. ಅದು ಮುಗಿಯುತ್ತಲೇ ನನ್ನದನ್ನೂ ತೆರೆದೆ. ಎರಡೂ ಲಿಂಗಗಳು ನ್ಯಾಪ್‌ಕಿನ್ನಿನ ಮೇಲೆ ನೇರಳೆ ಹಣ್ಣಿನಂತೆ ಅಕ್ಕಪಕ್ಕ ಕೂತಿದ್ದವು. ಅಷ್ಟರಲ್ಲಿ ನರ್ಸ್ ಬಿ.ಪಿ. ನೋಡಲು ಬಂದಳು. ಚೇಷ್ಟೆ ಮಾಡುತ್ತ ಸಿಕ್ಕಿಬಿದ್ದ ಹುಡುಗಿಯಂತೆ ನಾನು ಒಂದೊಂದನ್ನು ಕೈಗೆ ಸಿಕ್ಕ ಒಂದೊಂದು ಗುಂಡಗಡಗಿಯೊಳಗೆ ಹಾಕಿ ಮುಚ್ಚಿದೆ.

ಸ್ನಾನವಿಲ್ಲದೆ ಲಿಂಗ ಮುಟ್ಟುವವಳಲ್ಲ ಆಕೆ. ಹೊಲಿಗೆ ಬಿಚ್ಚುವವರೆಗೆ ಮೈಗೆ ನೀರು ತಾಗಿಸಬಾರದೆಂದು ಡಾಕ್ಟರು ಹೇಳಿದ್ದರಿಂದ ನಾನು ಮರಳಿ ಕೊಟ್ಟ ಗುಂಡಗಡಗಿಯನ್ನು ಮುಚ್ಚಿದಂತೆಯೇ ಕಣ್ಣಿಗೊತ್ತಿಕೊಂಡು ಗಂಜಿ ಕುಡಿಯುತ್ತಿದ್ದಳು. ಇಬ್ಬರನ್ನೂ ಒಂದೇ ದಿನ ಮನೆಗೆ ಕಳಿಸಿದರು. ಆರು ವಾರ ಭಾರ ಎತ್ತಬಾರದು, ಪ್ರಯಾಣ ಮಾಡಬಾರದು. ಆಕೆಗೆ ಮಾತ್ರ ಡಾಕ್ಟರು ಮತ್ತೊಂದು ಮಾತು ಸೇರಿಸಿದರು: ರಕ್ತ ಇನ್ನೂ ಕಡಿಮೆ ಇದೆ, ಒಂದು ಹೊತ್ತೂ ಊಟ ಬಿಡುವಂತಿಲ್ಲ, ಬಿಟ್ಟರೆ ಗಾಯ ಮಾಯುವುದಿಲ್ಲ.

ಆಳಂದಕ್ಕೆ ಬಂದು ವಾರವಾಗಿರಬೇಕು, ಆ ಸೊಸೆಯ ಫೋನು ಬಂತು. ಅಫಜಲಪುರದ ಹುಡುಗಿ, ಉಸಿರು ಬಿಡದೆ ಮಾತಾಡುತ್ತಾಳೆ.

“ಬಾಯಾರ, ನಮ್ಮತ್ತಿ ನಿನ್ನಿ ಮುಂಜಾನಿಂದ ಹನಿ ನೀರು ಮುಟ್ಟಿಲ್ರಿ. ಹೊಲಿಗಿ ಬಿಚ್ಚಿದ್ರು, ಜಳಕಾ ಮಾಡಿ ಪೂಜಿಗಿ ಕುಂತ್ರು. ಲಿಂಗ ಅಂಗೈಯಾಗ ತಗೊಂಡವರೇ ಇದು ನಂದಲ್ಲ, ತೂಕ ಬ್ಯಾರೆ ಅದ ಅಂದ್ರು. ತಮ್ಮದು ಪೂಜಿ ಮಾಡಲಾರ್ದ ಏನೂ ತಗೊಳ್ಳಲ್ರಿ ಅವರು. ನಿಮ್ಮ ಹಂತ್ಯಾಕ ಇದ್ದದ್ದು ಜರಾ ನೋಡ್ರಿ.”

“ಮಠದ ಅಯ್ನೋರನ್ನ ಕೇಳಿದ್ರೇನು?”

“ಬಂದಿದ್ರಿ. ಲಿಂಗ ಎಲ್ಲಾ ಒಂದೇ ತಾಯಿ, ಇದನ್ನೇ ಪೂಜಿ ಮಾಡಿ ಉಣ್ಣು ಅಂದ್ರು. ಅದಕ್ಕ ನಮ್ಮತ್ತಿ, ‘ಗಂಡಸರೂ ಎಲ್ಲಾ ಒಂದೇ ಅದಾರ್ರಿ, ಹಂಗಂತ ಬಾಜೂ ಮನಿಯಾಂವನ ಜೋಡಿ ಸಂಸಾರ ಮಾಡಲೇನು?’ ಅಂದುಬಿಟ್ರು. ಅಯ್ನೋರು ಚಹಾ ಸೈತ ಕುಡೀಲಿಲ್ರಿ.”

ನನ್ನ ಗುಂಡಗಡಗಿ ತೆರೆದು ನೋಡಿದೆ. ಕಪ್ಪಗೆ, ನುಣ್ಣಗೆ ಇತ್ತು. ಅದು ನನ್ನದೋ ಅಲ್ಲವೋ ನನಗೆ ತಿಳಿಯಲಿಲ್ಲ. ತೊಟ್ಟಿಲಲ್ಲಿದ್ದಾಗ ನನಗೆ ಕಟ್ಟಿದ್ದನ್ನು ಅರವತ್ತು ವರ್ಷದಲ್ಲಿ ಒಮ್ಮೆಯೂ ನಾನು ಗುರುತಿಟ್ಟು ನೋಡಿರಲಿಲ್ಲ.

ಫೋನಿನಲ್ಲಿ ಸ್ಪಿರಿಟ್ಟಿನ ಮಾತನ್ನು ನಾನು ಎತ್ತಲಿಲ್ಲ. “ನರ್ಸ್ ಏನರ ಕೈ ಹಚ್ಚಿದ್ದಳೇನ್ರಿ?” ಎಂದು ಸೊಸೆ ಕೇಳಿದಾಗ “ಗೊತ್ತಿಲ್ಲ” ಎಂದುಬಿಟ್ಟೆ. ಕಾನ್ವೆಂಟಿನಲ್ಲಿ ಇದಕ್ಕೆ ಪ್ಲೇನ್ ಲೈ ಎನ್ನುತ್ತಿದ್ದರು.

“ಡ್ರೈವರ್ ಕೈಯಾಗ ಕೊಟ್ಟು ಕಳಸ್ತೇನಿ. ನೀ ಮಕ್ಕೋ” ಎಂದರು ಯಜಮಾನರು. ಅದೇ ಸರಿಯಾದ ಮಾತು. ಹಾಗೆ ಕಳಿಸಿದ್ದರೆ ನಾನು ಏನೂ ಒಪ್ಪಿಕೊಳ್ಳಬೇಕಾಗಿರಲಿಲ್ಲ. ಆದರೆ ಡ್ರೈವರ್ ತಂದದ್ದನ್ನು ಆಕೆ ತೆಗೆದುಕೊಳ್ಳದೆ ಹೋದರೆ? ಒಂದೂವರೆ ದಿನದ ಉಪವಾಸ ಆಗಲೇ ಆಗಿತ್ತು. ಅರ್ಧ ತಾಸಿನ ವಾದದ ನಂತರ ನಾನು ಹೊಟ್ಟೆಗೆ ಒಂದು ತಲೆದಿಂಬು ಕಟ್ಟಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ಗುಂಡಗಡಗಿಯನ್ನು ಹ್ಯಾಂಡ್‌ಬ್ಯಾಗಿಗೆ ಹಾಕಲು ಕೈ ಬರಲಿಲ್ಲ. ಕೊರಳಿಗೆ ಕಟ್ಟಿಕೊಂಡೆ.

ಕಡಗಂಚಿಯ ಹತ್ತಿರದ ಸ್ಪೀಡ್ ಬ್ರೇಕರುಗಳನ್ನು ಹೊಲಿಗೆಗಳು ಇಂದಿಗೂ ಲೆಕ್ಕವಿಟ್ಟಿವೆ. ಭೀಮಾ ನದಿಯ ಸೇತುವೆ ದಾಟುವಾಗ ಒಳಗೆ ಏನೋ ಜಗ್ಗಿದಂತಾಯಿತು. ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿ ಕಾರು ಇನ್ನಷ್ಟು ನಿಧಾನ ಮಾಡಿದ.

ಆಕೆ ಪಡಸಾಲೆಯಲ್ಲಿ ಚಾಪೆಯ ಮೇಲೆ ಗೋಡೆ ಹಿಡಿದು ಕೂತಿದ್ದಳು. ತುಟಿಗಳು ಬಿಳಿಚಿದ್ದವು. ನಾನು ಬಂದದ್ದು ನೋಡಿ ಮೊದಲು ಬೈದಳು. “ನಿಮಗೇನ್ ತಲಿ ಕೆಟ್ಟದೇನ್ರಿ? ಹಸೀ ಹೊಟ್ಟಿ ತಗೊಂಡು ಇಷ್ಟ ದೂರ ಬರ್ತಾರೇನು?”

“ನಾನೇ ಮಾಡಿದ್ದು, ತಂಗಿ” ಎಂದೆ. ನಿಂತೇ ಹೇಳಿದೆ, ಕೂತರೆ ಹೇಳಲಾರೆನೆನ್ನಿಸಿತು. “ನೀ ಒಳಗ ಹೋದಾಗ ಎರಡೂ ತೆಗೆದು ಸ್ಪಿರಿಟ್ ಹಚ್ಚಿ ಒರೆಸಿದೆ. ಹಾಕೂ ಮುಂದ ಅದಲಬದಲಾ ಮಾಡಿದೆ. ಮುಂಜಾನೆ ಫೋನಿನ್ಯಾಗ ಸುಳ್ಳು ಹೇಳಿದೆ.”

ಆಕೆ ಮುಖ ಎತ್ತಿದಳು. “ಸ್ಪಿರಿಟ್ ಅಂದ್ರ, ಸೂಜಿ ಮಾಡೂ ಮುಂದ ತಿಕ್ಕತಾರಲ್ಲ, ಅದಾ?”

“ಹೌದು.”

“ಮತ್ತ ನಮ್ಮಪ್ಪಗ ಸೂಜೀನೂ ಮಾಡಿಸಿದ್ರೇನು?”

ಸೊಸೆ ಸೆರಗು ಬಾಯಿಗೊತ್ತಿ ಒಳಗೆ ಓಡಿದಳು. ನನಗೆ ನಗು ಬಂತು, ಅದರ ಹಿಂದೆಯೇ ನೋವೂ. “ನಗಬ್ಯಾಡ್ರಿ, ನಂಗೂ ಬರ್ತದ, ಗಾಯ ಹರೀತದ” ಎಂದು ಆಕೆ ಹೊಟ್ಟೆ ಒತ್ತಿಹಿಡಿದಳು. ನಾನು ನನ್ನ ಕಾರಿನ ದಿಂಬು ಬಿಚ್ಚಿ ಆಕೆಗೆ ಕೊಟ್ಟೆ.

ನಾನು ಕೊರಳಿಂದ ಬಿಚ್ಚಿ ಕೊಟ್ಟ ಲಿಂಗವನ್ನು ಅಂಗೈಯಲ್ಲಿ ತೆಗೆದುಕೊಂಡು ಆಕೆ ಕಣ್ಣು ಮುಚ್ಚಿದಳು. “ಬಂದ” ಎಂದಳು, ಅಷ್ಟೇ. ಪೂಜೆ ಮುಗಿಸಿದಳು. ಸೊಸೆ ಜೋಳದ ನುಚ್ಚು, ಮಜ್ಜಿಗೆ ತಂದಿಟ್ಟಳು. ಮೊದಲ ತುತ್ತು ಗಂಟಲಿಳಿಯುವವರೆಗೆ ಅಲ್ಲಿಂದ ಕದಲಲಿಲ್ಲ.

ಸಂಜೆ ಹೊರಡಬೇಕೆಂದಿದ್ದೆ. ಬಚ್ಚಲಿಗೆ ಹೋದಾಗ ಸೀರೆಗೆ ರಕ್ತ ಕಂಡಿತು. ಊರಿನ ನರ್ಸಮ್ಮ ಬಂದು ನೋಡಿ, ಫೋನಿನಲ್ಲಿ ಡಾಕ್ಟರನ್ನು ಕೇಳಿ, ಹತ್ತು ದಿನ ಅಲುಗಾಡಬಾರದು ಎಂದಳು. ಹೀಗೆ ಪರಿಚಯವೇ ಇಲ್ಲದ ಮನೆಯಲ್ಲಿ, ಸೊಸೆಯ ಸೀರೆಯುಟ್ಟು, ನಾನು ಹತ್ತು ದಿನ ಉಳಿದೆ. ಯಜಮಾನರು ಎರಡು ಸಲ ಬಂದು, ಪಡಸಾಲೆಯ ತುದಿಯಲ್ಲಿ ಕೂತು, ಚಹಾ ಕುಡಿದು ಹೋದರು.

ಎರಡು ಚಾಪೆ, ಎರಡು ದಿಂಬು. ಕೆಮ್ಮು ಬರುವ ಮೊದಲು ಒಬ್ಬರು “ಬಂತು” ಎಂದರೆ ಇನ್ನೊಬ್ಬರು ದಿಂಬು ದಾಟಿಸುವುದು. ಏಳುವಾಗ ಮಗ್ಗುಲಾಗಿ, ಮೊಣಕೈ ಊರಿ, ಒಬ್ಬರ ತೋಳು ಇನ್ನೊಬ್ಬರು ಹಿಡಿದು. ಆಕೆ ನನ್ನ ತಲೆ ಬಾಚುತ್ತಿದ್ದಳು. ತನಗೆ ಕೈ ಮೇಲೆತ್ತಿದರೆ ನೋಯುತ್ತದೆಂದು ನನ್ನನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ. ಬದನೆಕಾಯಿ ನಂಜು ಎಂದು ಸೊಸೆ ಮಾಡುತ್ತಿರಲಿಲ್ಲ. ಅದು ಮೂಢನಂಬಿಕೆ ಎಂದು ನಾನು ಲೆಕ್ಚರ್ ಕೊಟ್ಟೆ. ಅದರಿಂದ ಯಾರ ತಟ್ಟೆಗೂ ಬದನೆಕಾಯಿ ಬರಲಿಲ್ಲ. ಬೆಳಿಗ್ಗೆ ಆಕೆ ಪೂಜೆಗೆ ಕೂತಾಗ ನನ್ನನ್ನೂ ಕೂರಿಸುತ್ತಿದ್ದಳು. ಭಕ್ತಿ ಬಂತೆಂದು ಹೇಳಲಾರೆ. ನನ್ನದರ ಒಂದು ಬದಿ ತುಸು ಚಪ್ಪಟೆಯಾಗಿದೆ ಎಂಬುದಂತೂ ತಿಳಿಯಿತು.

ಸಂಜೆ ಓಣಿಯ ಹೆಂಗಸರು ಬಂದು ಕೂರುತ್ತಿದ್ದರು. ಒಬ್ಬೊಬ್ಬರೂ ತಗ್ಗಿದ ದನಿಯಲ್ಲಿ “ನಂದೂ ತೆಗೆಸ್ಯಾರ್ರಿ” ಎಂದಾಗ ನಾನು ಬೆರಗಾದೆ. ಒಬ್ಬಳಿಗೆ ಮೂವತ್ತೆರಡು. ಆಪರೇಷನ್ ಆದ ಹದಿನೈದನೇ ದಿನ ಕಳೆ ತೆಗೆಯಲು ಹೋಗಿದ್ದಳಂತೆ. ಈಗ ನಿಂತರೆ ಸೊಂಟ ಬೀಳುತ್ತದೆ, ಕೆಮ್ಮಿದರೆ ಸೀರೆ ಹಸಿಯಾಗುತ್ತದೆ. ನನ್ನ ಫೈಲಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಎಕ್ಸರ್‌ಸೈಜ್ ಹಾಳೆ ಇತ್ತು. ಅದನ್ನು ಕನ್ನಡಿಸಲು ಕೂತೆ.

“ಪೆಲ್ವಿಕ್ ಫ್ಲೋರ್ ಅಂದ್ರ… ಒಳಗಿನ ನೆಲ ಅಂತ ತಿಳಕೊಳ್ರಿ… ಅದರ ಸ್ನಾಯುಗಳನ್ನ ಸಂಕುಚಿತ ಮಾಡಿ…”

ಎಲ್ಲರೂ ಪಡಸಾಲೆಯ ನೆಲ ನೋಡಿದರು.

“ಎಲ್ಲ್ಯರ ನೆಲ ಸಂಕುಚಿತ ಆಗ್ತದೇನ್ರಿ ಬಾಯಾರ?” ಎಂದು ಆಕೆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು, ಓದಲು ಬಾರದಿದ್ದರೂ. “ಕೇಳ್ರೇ. ಬಸ್ಸಿನ್ಯಾಗ ಕುಂತೀರಿ. ಉಚ್ಚಿ ಬಂದದ. ಬಸ್ಸು ನಿಂದ್ರವಲ್ದು. ಆಗ ಹ್ಯಾಂಗ ತಡಕೋತೀರಿ? ಹಾಂಗ ಮಾಡ್ರಿ. ಹತ್ತು ಸಲ.”

ಆರೇಳು ಹೆಂಗಸರು ಗಂಭೀರವಾಗಿ ಗೋಡೆ ನೋಡುತ್ತ ಕೂತರು. “ಬಸ್ ಸ್ಟ್ಯಾಂಡ್ ಬಂತೇನಬೇ?” ಎಂದು ಒಬ್ಬಳು ಕೇಳಿದಳು. ಮರುದಿನ ಮತ್ತೆ ಬಂದರು. ಮೂವತ್ತೆರಡರ ಆ ಹುಡುಗಿ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ನಾನು ಹೋದ ಮೇಲೂ ಆ ಕೂಟ ನಿಲ್ಲಲಿಲ್ಲವೆಂದು ನನ್ನ ಪಕ್ಕದ ಮಂಚದಾಕೆ ಫೋನಿನಲ್ಲಿ ಹೇಳುತ್ತಿದ್ದಳು. ಹೊಸದಾಗಿ ಆಪರೇಷನ್ ಆದವಳ ಮನೆಗೆ ತಾನೇ ಹೋಗಿ, ಆರು ವಾರ ಇವಳಿಗೆ ಕೊಡ ಎತ್ತಿಸಬೇಡಿ ಎಂದು ಅತ್ತೆಯಂದಿರ ಜೊತೆ ಜಗಳಾಡಿ ಬರುತ್ತಿದ್ದಳಂತೆ. ಫೋನಿನಲ್ಲಿ ನಾವು ಮೂರು ವರ್ಷ ಮಾತಾಡಿದೆವು. ನಾನು ಜೇವರ್ಗಿಗೆ ಹೋಗಬೇಕು, ಆಕೆ ಆಳಂದಕ್ಕೆ ಬರಬೇಕು ಎಂಬುದು ಪ್ರತಿ ಫೋನಿನ ಕೊನೆಯ ಮಾತು. ಆಮೇಲೆ ಒಂದು ದಿನ ಸೊಸೆ ಮಾತಾಡಿದಳು. ಎದೆನೋವು, ದವಾಖಾನೆಗೆ ಒಯ್ಯುವಷ್ಟೂ ಸಮಯ ಸಿಗಲಿಲ್ಲ ಎಂದಳು. ನನಗೆ ತಿಳಿಯುವಾಗ ಮಣ್ಣು ಮಾಡಿ ಮೂರು ದಿನ ಕಳೆದಿತ್ತು.

ಹಾಗಾಗಿ ನಾನು ಆಕೆಯನ್ನು ಕೊನೆಗೆ ಕಂಡದ್ದು ಆ ಹತ್ತನೇ ದಿನದ ಬೆಳಿಗ್ಗೆಯೇ. ಓಣಿ ಇಕ್ಕಟ್ಟಾಗಿದ್ದರಿಂದ ಕಾರು ದೂರ ನಿಂತಿತ್ತು. ಯಜಮಾನರು ತಂದಿಟ್ಟಿದ್ದ ನನ್ನ ಚೀಲ ಹೊಸ್ತಿಲ ಹತ್ತಿರ ಇತ್ತು. ನಾನು ಬಗ್ಗಿದೆ.

“ಏ ಬಾಯಾರ, ಮುಟ್ಟಿದ್ರ ನೋಡ್ರಿ!” ಎಂದು ಕೂಗಿ ತಾನೇ ಕೈ ಹಾಕಿದಳು.

“ನೀನೂ ಮುಟ್ಟಬ್ಯಾಡ ಬೇ!” ಎಂದೆ. ಯಾರನ್ನೂ ಹಾಗೆ ಏಕವಚನದಲ್ಲಿ ಗದರಿಸಿ ನನಗೆ ಅಭ್ಯಾಸವಿರಲಿಲ್ಲ. ಇಬ್ಬರೂ ನೆಟ್ಟಗೆ ನಿಂತು ಚೀಲ ನೋಡಿದೆವು. ಆಮೇಲೆ ಆಕೆ ಅದನ್ನು ಕಾಲಿನಿಂದ ಮೆಲ್ಲಗೆ ತಳ್ಳಿದಳು. ನಾನೂ ಒಮ್ಮೆ ತಳ್ಳಿದೆ. ಹೀಗೆ ಅಂಗಳದ ಅರ್ಧದವರೆಗೆ ಒಯ್ದೆವು. ಡ್ರೈವರ್ ಬಂದು ಏನೂ ಕೇಳದೆ ಎತ್ತಿಕೊಂಡು ಹೋದ.

ಓಣಿಯ ತಿರುವಿನಲ್ಲಿ ಹಿಂದೆ ನೋಡಿದೆ. ಆಕೆ ಹೊಸ್ತಿಲಲ್ಲಿ ಕೂತು, ಸೊಸೆ ಕೊಟ್ಟ ಚಹಾವನ್ನು ಬಸಿಗೆ ಸುರಿದುಕೊಂಡು ಊದುತ್ತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ.