ಬಯಲಿನಲ್ಲಿ ಎರಡು ತಿರುವು

ಕಳೆದ ಮಾರ್ಚ್ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಏಳು ಗಂಟೆಯ ಸುಮಾರಿಗೆ, ಭದ್ರಾವತಿಯ ನ್ಯೂ ಟೌನ್ ಅಂಚಿನ ಬಯಲಿನಲ್ಲಿ ನಾನು ಡ್ರೋನ್ ಹಾರಿಸುತ್ತಿದ್ದಾಗ ಪೊಲೀಸ್ ಜೀಪೊಂದು ಬಂದು ನಿಂತಿತು. ಅದರಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಮರುದಿನ ತಮ್ಮ ತಾಯಿಯನ್ನು ಶಿವಮೊಗ್ಗಕ್ಕೆ ಕರೆದೊಯ್ದು ಅಕ್ಕನ ಮನೆಯಲ್ಲಿ ಬಿಟ್ಟು ಬರುವವರಿದ್ದರು. ತಾಯಿಯ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಮನೆಯವರೆಲ್ಲ ತೀರ್ಮಾನಿಸಿ ಆಗಿತ್ತು. ತಾಯಿಗೆ ಮಾತ್ರ ಇನ್ನೂ ಹೇಳಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಸ್ವಲ್ಪ ಹೊತ್ತಿನ ನಂತರ.

ನಾನು ಇರುವುದು ಶಿವಮೊಗ್ಗದಲ್ಲಿ. ವಾರದ ಆರು ದಿನ ಪತ್ರಿಕೆಯ ಡೆಸ್ಕಿನಲ್ಲಿ ಬೇರೆಯವರ ವರದಿ ತಿದ್ದುವ ಕೆಲಸ. ರಜೆಯ ದಿನ ಡ್ರೋನ್. ಅಂಗೈ ಅಗಲದ, ಕಾಲು ಕಿಲೋ ತೂಗದ ಯಂತ್ರ. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಎಲ್ಲೆಂದರಲ್ಲಿ ಹಾರಿಸುವಂತಿಲ್ಲ, ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಮೇಲಂತೂ ಇಲ್ಲವೇ ಇಲ್ಲ. ಹಾಗಾಗಿ ಹಿಂದಿನ ದಿನವೇ ನಕ್ಷೆ ನೋಡಿ, ಠಾಣೆಗೆ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಂಡಿದ್ದೆ. ಭಾನುವಾರ ನಸುಕಿನಲ್ಲಿ ಬೈಕ್ ಹತ್ತಿ, ಮಾಚೇನಹಳ್ಳಿ ದಾಟಿ, ಬಿಸಿಲು ಏಳುವ ಹೊತ್ತಿಗೆ ಅಲ್ಲಿದ್ದೆ. ನ್ಯೂ ಟೌನ್ ರಸ್ತೆಯ ಎರಡೂ ಬದಿಯ ದೊಡ್ಡ ಮರಗಳ ನೆರಳು ಮುಂಜಾನೆ ಎಷ್ಟು ದೂರ ಚಾಚುತ್ತದೆ ಎಂದು ಮೇಲಿನಿಂದ ಚಿತ್ರಿಸುವುದು ನನ್ನ ಉದ್ದೇಶ.

ಮರಗಳ ಚಿತ್ರ ಮುಗಿಸಿ, ಡ್ರೋನನ್ನು ವಾಪಸ್ ಕರೆಸಿಕೊಳ್ಳುವಾಗ ಅದು ಬಯಲಿನ ಮೇಲೆ ಬಂತು. ನಾನು ನಿಂತದ್ದೂ ಅದೇ ಬಯಲಿನಲ್ಲಿ. ನಿಂತು ನೋಡಿದರೆ ಒಣಗಿದ ಹುಲ್ಲು, ಅಲ್ಲಲ್ಲಿ ಲಂಟಾನದ ಪೊದೆ, ಒಂದು ಮೂಲೆಯಲ್ಲಿ ಮುರಿದ ನಲ್ಲಿಕಟ್ಟೆ. ಬೇರೇನೂ ಇಲ್ಲ. ಪರದೆಯ ಮೇಲೆ ನೋಡಿದರೆ ಅಲ್ಲೊಂದು ಬೀದಿ ಇತ್ತು.

ಕ್ಯಾಮೆರಾವನ್ನು ನೇರ ಕೆಳಗೆ ತಿರುಗಿಸಿ ಇನ್ನಷ್ಟು ಮೇಲಕ್ಕೆ ಏರಿಸಿದೆ. ಮಾಸಿದ ಹಸಿರಿನ ನಡುವೆ ಹಳದಿ ಗೆರೆಗಳು. ಒಂದರ ಪಕ್ಕ ಒಂದರಂತೆ ಚೌಕಗಳು, ಚೌಕದೊಳಗೆ ಅಡ್ಡ ಗೆರೆ, ಎರಡು ಸಾಲು, ಸಾಲುಗಳ ಮಧ್ಯೆ ಓಣಿ, ಓಣಿಗೆ ಸೇರುವ ಅಗಲ ರಸ್ತೆ. ಗೋಡೆ ಕೆಡವಿದವರು ತಳಪಾಯದ ಕಲ್ಲು ಕೀಳದೆ ಮಣ್ಣು ಹರಡಿ ಹೋಗಿದ್ದರು. ಕಲ್ಲಿನ ಮೇಲೆ ಮಣ್ಣು ತೆಳು. ಬೇಸಿಗೆಯಲ್ಲಿ ಅಲ್ಲಿನ ಹುಲ್ಲು ಮೊದಲು ಒಣಗುತ್ತದೆ. ಕಾರಣ ಇಷ್ಟೇ. ಆದರೆ ಆ ಕಾರಣ ಹೊಳೆದದ್ದು ಆಮೇಲೆ. ಆ ಕ್ಷಣಕ್ಕೆ ನಾನು ಪರದೆ ನೋಡುವುದು, ತಲೆಯೆತ್ತಿ ಖಾಲಿ ಬಯಲು ನೋಡುವುದು, ಮತ್ತೆ ಪರದೆ ನೋಡುವುದು, ಹೀಗೆ ನಾಲ್ಕಾರು ಸಲ ಮಾಡಿದೆ. ಹತ್ತು ವರ್ಷದಿಂದ ಈ ಬಯಲಿನ ಪಕ್ಕದ ರಸ್ತೆಯಲ್ಲಿ ಓಡಾಡಿದ್ದೇನೆ. ಯಾರದೋ ಅಡುಗೆಮನೆಯ ಮೇಲೆ ನಿಂತಿದ್ದೇನೆ ಎಂದು ಗೊತ್ತಾಗಿ ಎರಡು ಹೆಜ್ಜೆ ಹಿಂದೆ ಸರಿದೆ.

ಚೌಕಗಳ ಮಧ್ಯೆ ಒಂದು ಕಡೆ ಬಿಳಿ ಚುಕ್ಕೆ ಇತ್ತು. ಪ್ಲಾಸ್ಟಿಕ್ ಕವರ್ ಇರಬೇಕು ಎಂದುಕೊಂಡೆ.

ಆಗ ಜೀಪು ಬಂತು. ಇಳಿದವರು ಇಬ್ಬರು. ನಲವತ್ತೈದು ದಾಟಿದ ಹೆಡ್ ಕಾನ್‌ಸ್ಟೆಬಲ್, ಮತ್ತು ಅವರಿಗಿಂತ ಸ್ವಲ್ಪ ದೊಡ್ಡವನಂತೆ ಕಂಡ ಚಾಲಕ.

‘ಏನ್ ಸಾರ್, ಪ್ರೀ ವೆಡ್ಡಿಂಗಾ?’ ಎಂದ ಚಾಲಕ. ‘ಹುಡುಗ ಹುಡುಗಿ ಎಲ್ಲಿ, ಪೊದೆ ಹಿಂದೆ ಬಟ್ಟೆ ಬದಲಾಯಿಸ್ತಿದಾರಾ?’

ನಾನು ಅರ್ಜಿಯ ಪ್ರತಿ ಕೊಟ್ಟೆ. ಹೆಡ್ ಕಾನ್‌ಸ್ಟೆಬಲ್ ಅದನ್ನು ಪೂರ್ತಿ ಓದಿದರು, ಹಿಂದೆ ತಿರುಗಿಸಿಯೂ ನೋಡಿದರು.

‘ಎಲ್ಲ ಸರಿಯಿದೆ ಸಾರ್. ನೂರಾ ಹನ್ನೆರಡಕ್ಕೆ ಒಂದು ಕರೆ ಬಂದಿತ್ತು, ಬರಲೇಬೇಕು. ಟೆರೇಸ್ ಮೇಲೆ ಹಪ್ಪಳ ಒಣಗಿಸಿದಾರಂತೆ ಒಬ್ಬರು ಅಮ್ಮ. ಯಾವುದೋ ಮಿಷನ್ನು ಬಂದು ಹಪ್ಪಳ ನೋಡ್ತಿದೆ, ಬೇಗ ಬನ್ನಿ ಅಂದ್ರು.’

‘ಕಾಗೆ ಕಾಟ ಸಾಲದು ಅಂತ ಇದು ಬೇರೆ,’ ಎಂದ ಚಾಲಕ. ‘ಸಾರ್, ತ್ಯಾವರೆಕೊಪ್ಪ ಸಫಾರಿಗೆ ಹೋಗಿ ಹುಲಿ ಗಿಲಿ ತೆಗೀರಿ. ಇಲ್ಲೇನಿದೆ, ಹುಲ್ಲು.’

ಹುಲಿಯ ಮೇಲೆ ಹಾರಿಸಿದರೆ ನೀವೇ ನನ್ನನ್ನು ಒಳಗೆ ಹಾಕುತ್ತೀರಿ ಎಂದೆ. ಅವನು ನಕ್ಕ. ಕಾರ್ಖಾನೆ ಚಿತ್ರದಲ್ಲಿ ಬಂದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಹೆಡ್ ಕಾನ್‌ಸ್ಟೆಬಲ್ ಪಕ್ಕಕ್ಕೆ ಬಂದು, ಟೋಪಿ ತೆಗೆದು, ಪರದೆಯ ಮೇಲೆ ಬಗ್ಗಿದರು. ಡ್ರೋನ್ ಇನ್ನೂ ಮೇಲೆಯೇ ಇತ್ತು.

‘ಇದು ನಮ್ಮ ಲೈನು,’ ಎಂದರು. ‘ನಾನು ಹುಟ್ಟಿದ್ದು ಇಲ್ಲಿ.’

ಅವರ ತಂದೆ ಕಾರ್ಖಾನೆಯಲ್ಲಿದ್ದವರು, ನಿವೃತ್ತಿಯವರೆಗೂ ಕಾರ್ಖಾನೆ ಕೊಟ್ಟ ಇದೇ ಸಾಲಿನ ನಾಲ್ಕನೇ ನಂಬರ್ ಮನೆ. ಆಮೇಲೆ ಖಾಲಿ ಮಾಡಿದರು, ತಂದೆ ತೀರಿಕೊಂಡರು, ಮನೆಗಳೂ ಹೋದವು. ಹೋದ ವರ್ಷ ಇವರಿಗೆ ಭದ್ರಾವತಿಗೇ ವರ್ಗವಾಗಿ, ತಾಯಿಯನ್ನು ಕರೆದುಕೊಂಡು ಹತ್ತಿರದ ಪೊಲೀಸ್ ವಸತಿಗೃಹಕ್ಕೆ ಬಂದರು. ಇದನ್ನು ಹೇಳುತ್ತ ಅವರ ಬೆರಳು ಬಿಳಿ ಚುಕ್ಕೆಯ ಹತ್ತಿರ ಹೋಗಿ ನಿಂತಿತು.

‘ಇದು ಅಮ್ಮ ಹಾಕಿದ್ದು. ರಂಗೋಲಿ.’

ಚಾಲಕ ಈಗ ತಮಾಷೆ ಬಿಟ್ಟಿದ್ದ. ‘ಹೇಳಿ ದಫೇದಾರ್ರೇ, ಸಾರ್‌ಗೂ ಗೊತ್ತಾಗಲಿ. ಊರಿಗೆಲ್ಲ ಗೊತ್ತಿರೋದೇ.’

ದೀಪಾವಳಿ ಕಳೆದ ಮೇಲೆ ಶುರುವಾದದ್ದಂತೆ. ದಿನಾ ಬೆಳಿಗ್ಗೆ ಆ ತಾಯಿ ಒಂದು ಬಾಟಲಿ ನೀರು, ಒಂದು ಡಬ್ಬಿ ಹಿಟ್ಟು ಹಿಡಿದು ಬಯಲಿಗೆ ಬರುತ್ತಾರೆ. ನಲ್ಲಿಕಟ್ಟೆಯ ಹತ್ತಿರ ನಿಂತು, ಎಡಗೈಯನ್ನು ಸೊಂಟದ ಪಕ್ಕ ಬಾಗಿಸಿ, ಏನನ್ನೋ ಹೊತ್ತವರಂತೆ ಒಂದು ಬದಿಗೆ ವಾಲಿಕೊಂಡು ನಡೆಯುತ್ತಾರೆ. ಎದುರಿಗೆ ಬಟ್ಟಬಯಲು, ನೇರ ಹೋಗಬಹುದು. ಅವರು ಹಾಗೆ ಹೋಗುವುದಿಲ್ಲ. ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗುತ್ತಾರೆ, ಮತ್ತೆ ಸ್ವಲ್ಪ ದೂರ ಹೋಗಿ ಬಲಕ್ಕೆ ತಿರುಗುತ್ತಾರೆ, ಕಾಲೆತ್ತಿ ಉದ್ದ ಹೆಜ್ಜೆ ಹಾಕುತ್ತಾರೆ, ಕೂತು ರಂಗೋಲಿ ಹಾಕುತ್ತಾರೆ. ಬೆಳಗಿನ ವಾಕಿಂಗ್‌ಗೆ ಬರುವವರು ನೋಡಿ ಮಗನಿಗೆ ಹೇಳಿದರು. ಮಗ ಒಂದು ದಿನ ಮರದ ಮರೆಯಲ್ಲಿ ನಿಂತು ನೋಡಿದರು. ಫೆಬ್ರವರಿಯಲ್ಲಿ ತಾಯಿ ಗುಂಡಿಗೆ ಕಾಲಿಟ್ಟು ಬಿದ್ದು ಮಂಡಿ ತರಚಿಕೊಂಡರು. ಶಿವಮೊಗ್ಗದ ಅಕ್ಕ ಬಂದು ನೋಡಿ, ಮನೋರೋಗದ ಡಾಕ್ಟರಿಗೆ ತೋರಿಸೋಣ, ಆಮೇಲೆ ನನ್ನ ಹತ್ತಿರವೇ ಇರಲಿ ಎಂದರು. ಅಕ್ಕನ ಮನೆ ಮೂರನೇ ಮಹಡಿ. ಗ್ರಿಲ್ಲಿಗೆ ಬೀಗ ಹಾಕಿದರೆ ಎಲ್ಲೂ ಹೋಗುವಂತಿಲ್ಲ. ಸೋಮವಾರಕ್ಕೆ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿದ್ದಾಗಿತ್ತು.

ಅವರು ಹೇಳುತ್ತಿದ್ದಾಗ ನಾನು ಡ್ರೋನನ್ನು ಸ್ವಲ್ಪ ಕೆಳಗಿಳಿಸಿದೆ. ಹುಲ್ಲಿನಲ್ಲಿ ತೆಳುವಾದ ಕಾಲುದಾರಿ ಕಂಡಿತು. ನಾಲ್ಕು ತಿಂಗಳು ಒಬ್ಬರೇ ನಡೆದು ಸವೆಸಿದ ದಾರಿ. ನಲ್ಲಿಕಟ್ಟೆಯಿಂದ ಹೊರಟು ಅಗಲ ರಸ್ತೆಯ ಗುರುತಿನ ನಡುವೆಯೇ ಸಾಗಿತ್ತು. ಓಣಿ ಬಂದಲ್ಲಿ ಎಡಕ್ಕೆ ಹೊರಳಿತ್ತು. ಓಣಿಯ ಉದ್ದಕ್ಕೂ ನಡೆದು, ಬಲಕ್ಕೆ ತಿರುಗಿ, ಒಂದು ಚೌಕದ ಮುಂದೆ ನಿಂತಿತ್ತು. ಎಲ್ಲಿಯೂ ಒಂದು ಗೋಡೆಯನ್ನೂ ದಾಟಿರಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಬೆರಳಿನಿಂದ ಆ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿದರು. ಆಮೇಲೆ ಚೌಕಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು.

‘ಇಲ್ಲ ಸಾರ್. ನಮ್ಮದು ನಾಲ್ಕನೇದು. ಅಮ್ಮ ಹಾಕ್ತಿರೋದು ಐದನೇದರ ಮುಂದೆ.’ ಅವರ ದನಿ ಇಳಿದಿತ್ತು. ‘ಒಂದು ಮನೆ ತಪ್ಪಿದೆ.’

ತಾಯಿ ದೂರ ಇರಲಿಲ್ಲ. ರಂಗೋಲಿ ಮುಗಿಸಿ ಬಯಲಿನಾಚೆಯ ಮರದ ಕೆಳಗೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಚಾಲಕ ಹೋಗಿ ಕರೆತಂದ. ಸಣ್ಣ ದೇಹ, ಮಂಡಿಗೆ ಪಟ್ಟಿ, ಕೈಯಲ್ಲಿ ಸ್ಟೀಲ್ ಡಬ್ಬಿ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ಆಡಿ ಬೆಳೆದವರ ಮಾತು. ಅಷ್ಟರಲ್ಲಿ ನಾನು ಡ್ರೋನ್ ಇಳಿಸಿ ಬ್ಯಾಟರಿ ಬದಲಿಸಿದ್ದೆ. ತೆಗೆದ ಚಿತ್ರವನ್ನು ಪರದೆಯ ಮೇಲೆ ನಿಲ್ಲಿಸಿ ಅವರಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು, ಹೊಸದೇನೂ ಅಲ್ಲವೆಂಬಂತೆ ನೋಡಿದರು.

‘ಇದು ಕ್ರೇನ್‌ನವರ ಮನೆ. ಇದು ಬಾಯ್ಲರ್‌ನವರದು. ಇದು ನರ್ಸಮ್ಮಂದು,’ ಎಂದು ಒಂದೊಂದರ ಮೇಲೂ ಬೆರಳಿಟ್ಟರು. ಆ ಸಾಲಿನಲ್ಲಿ ಮನೆಗಳಿಗೆ ಕೆಲಸದ ಹೆಸರೇ ಹೆಸರು.

‘ಅಮ್ಮಾ, ನಮ್ಮದು ನಾಲ್ಕನೇ ನಂಬರ್ರು,’ ಎಂದರು ಮಗ. ‘ನೀನು ಐದನೇದಕ್ಕೆ ಹಾಕ್ತಿದೀಯ.’

‘ಎಲ್ಲಿಂದ ಎಣಿಸ್ದೆ?’

‘ಈ ಕೊನೆಯಿಂದ.’

‘ಮೊದಲ್ನೇದು ಮನೆ ಅಲ್ಲ ಕಣೋ, ಸೀಮೆಎಣ್ಣೆ ಡಿಪೋ. ನೀನು ಎರಡನೇ ಕ್ಲಾಸಲ್ಲಿ ಇದ್ದಾಗ ಮುಚ್ಚಿ ಕೆಡವಿದ್ರು. ಅಲ್ಲೇ ಗೋಲಿ ಆಡ್ತಿದ್ದೆ. ಪೊಲೀಸ್ ಆಗಿ ಎಣಿಸಕ್ಕೆ ಬರಲ್ಲ.’

ಚಾಲಕ ಬೇರೆ ಕಡೆ ಮುಖ ತಿರುಗಿಸಿ ನಕ್ಕ. ನಾನು ಚಿತ್ರವನ್ನು ದೊಡ್ಡದು ಮಾಡಿದೆ. ಉಳಿದ ಪ್ರತಿ ಚೌಕದ ಒಳಗೂ ಅಡ್ಡ ಗೆರೆ ಇತ್ತು, ಮುಂದಿನ ಕೋಣೆ ಮತ್ತು ಅಡುಗೆಮನೆಯ ನಡುವಿನ ಗೋಡೆ. ಈ ಕೊನೆಯ ಮೊದಲ ಚೌಕದ ಒಳಗೆ ಮಾತ್ರ ಏನೂ ಇರಲಿಲ್ಲ. ಒಂದೇ ಕೋಣೆ.

‘ನೆಲದ ಮೇಲೆ ನಿಂತರೆ ಏನೂ ಕಾಣಲ್ಲವಲ್ಲಮ್ಮ, ನಿಮಗೆ ಹೇಗೆ ಗೊತ್ತಾಗುತ್ತೆ?’ ಎಂದು ಕೇಳಿದೆ.

‘ನಲ್ಲಿಯಿಂದ ಮನೆಗೆ ದಿನಾ ಎಂಟು ಕೊಡ ಹೊತ್ತಿದೀನಿ. ಎಷ್ಟು ಹೆಜ್ಜೆ ಅಂತ ಕಾಲಿಗೆ ಗೊತ್ತಿದೆ. ಸುಮ್ಮನೆ ನಡೆದ್ರೆ ತಪ್ಪುತ್ತೆ. ತುಂಬಿದ ಕೊಡದ ಹೆಜ್ಜೆ ಬೇರೆ, ಖಾಲಿ ಕೈ ಹೆಜ್ಜೆ ಬೇರೆ.’

ಮಗ ತಾಯಿಯ ಎಡಗೈಯನ್ನು ನೋಡಿದರು. ‘ಅದಕ್ಕೇ ಕೈ ಹಂಗೆ ಇಟ್ಕೊಂಡು ಹೋಗ್ತೀಯಾ?’

‘ಮತ್ತೆ?’

‘ನಮ್ಮ ಕ್ವಾರ್ಟ್ರಸ್ ಬಾಗಿಲಲ್ಲಿ ಹಾಕಬಾರ್ದಾ ಅಮ್ಮ?’

‘ಮೆಟ್ಟಿಲಿಗೆ ಆರು ಮನೆ. ಆರು ಜೊತೆ ಬೂಟು. ಹಾಕಿ ಏಳೋದರೊಳಗೆ ತುಳಿದು ಹೋಗ್ತಾರೆ. ಇಲ್ಲಿ ಯಾರೂ ತುಳಿಯಲ್ಲ.’

ಆಮೇಲೆ ಯಾರೂ ಹೇಳದಿದ್ದರೂ ತಾಯಿಯೇ ನಲ್ಲಿಕಟ್ಟೆಯ ಕಡೆ ಹೊರಟರು. ‘ನೀನು ಅಲ್ಲೇ ನಿಂತು ಎಣಿಸು,’ ಎಂದು ಮಗನಿಗೆ ಹೇಳಿದರು. ನಾನು ಡ್ರೋನ್ ಏರಿಸಿದೆ.

ಕಟ್ಟೆಯ ಬಳಿ ಅವರು ಬಗ್ಗಿದರು, ಎದ್ದರು, ಎಡಗೈ ಬಾಗಿಸಿದರು. ನಡೆದರು. ನೆಲದಿಂದ ನೋಡಿದರೆ ಹುಲ್ಲಿನಲ್ಲಿ ವಾಲುತ್ತ ಹೋಗುವ ಒಬ್ಬ ಮುದುಕಿ. ಪರದೆಯ ಮೇಲೆ ಒಬ್ಬ ಹೆಂಗಸು ತನ್ನ ಬೀದಿಯಲ್ಲಿ ನೀರು ಹೊತ್ತು ಹೋಗುತ್ತಿದ್ದಳು. ನೆರಳು ಉದ್ದವಾಗಿ ಅಡ್ಡ ಬಿದ್ದಿತ್ತು. ಅವರ ಕಣ್ಣು ಎಲ್ಲೋ ಮುಂದೆ ನೆಟ್ಟಿತ್ತು; ಒಮ್ಮೆಯೂ ಕಾಲ ಕೆಳಗೆ ನೋಡಲಿಲ್ಲ. ಓಣಿಯ ಬಾಯಿಗೆ ಬಂದು ಎಡಕ್ಕೆ ತಿರುಗಿದರು. ಡಿಪೋ ದಾಟಿತು, ಕ್ರೇನ್‌ನವರ ಮನೆ, ಬಾಯ್ಲರ್‌ನವರ ಮನೆ, ನರ್ಸಮ್ಮನ ಮನೆ. ಬಲಕ್ಕೆ ತಿರುಗಿ, ಸೀರೆ ಸ್ವಲ್ಪ ಎತ್ತಿ, ಉದ್ದದ ಒಂದು ಹೆಜ್ಜೆ ಹಾಕಿದರು. ಅದೇ ಜಾಗದಲ್ಲಿ ಚೌಕಗಳ ಮುಂದೆ ಉದ್ದಕ್ಕೂ ಎಳೆದಂತೆ ಇನ್ನೊಂದು ಸಣ್ಣ ಗೆರೆ ಇತ್ತು. ಅದನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

‘ಅಲ್ಲಿ ಮೋರಿ ಇತ್ತು,’ ಎಂದರು ಹೆಡ್ ಕಾನ್‌ಸ್ಟೆಬಲ್.

ಅವರ ಕೈಯಲ್ಲಿದ್ದ ಟೋಪಿ ಕೆಳಗೆ ಬಿದ್ದಿತ್ತು. ಚಾಲಕ ಅದನ್ನು ಎತ್ತಿ, ಧೂಳು ಕೊಡವಿ, ತಾನೇ ಹಿಡಿದುಕೊಂಡ. ಮೂವರೂ ಪರದೆ ನೋಡುತ್ತ ನಿಂತೆವು. ಬಿಳಿ ಚುಕ್ಕೆಯ ಪಕ್ಕ ನಿಂತ ಆ ತಾಯಿ ಮೊದಲ ಸಲ ತಲೆಯೆತ್ತಿ ಕ್ಯಾಮೆರಾದ ಕಡೆ ನೋಡಿದರು. ಬ್ಯಾಟರಿ ಮುಗಿಯುತ್ತ ಬಂದು ಯಂತ್ರ ಕೂಗಿಕೊಳ್ಳುವವರೆಗೂ ನನಗೆ ಅದನ್ನು ಇಳಿಸುವ ನೆನಪಾಗಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಜೀಪಿನ ಆಚೆ ಬದಿಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದರು. ಈಚೆ ಕಡೆಯ ಮಾತು ಮಾತ್ರ ಕೇಳಿಸಿತು.

‘ನಾಳೆ ಬರ್ತೀನಿ ಅಕ್ಕ. ಬರೀ ಮಂಡಿ ತೋರಿಸ್ಕೊಂಡು ಬರ್ತೀನಿ. ಆ ಡಾಕ್ಟ್ರು ಬೇಡ. ಇಲ್ಲ, ಬಿಟ್ಟು ಬರಲ್ಲ, ಸಂಜೆ ಬಸ್ಸಿಗೆ ವಾಪಸ್ಸು. ಹೇಳಿದ್ರೆ ಗೊತ್ತಾಗಲ್ಲ, ವಿಡಿಯೋ ಕಳಿಸ್ತೀನಿ ನೋಡು.’

ವಿಡಿಯೋ ಅವರ ಮೊಬೈಲಿಗೆ ಕಳಿಸಿದೆ. ಹೊರಡುವ ಮುನ್ನ ಅವರು ಕರೆಯ ಬಗ್ಗೆ ವರದಿ ಬರೆದುಕೊಂಡರು: ಸ್ಥಳಕ್ಕೆ ಭೇಟಿ ನೀಡಿದೆ, ಅರ್ಜಿ ಪರಿಶೀಲಿಸಿದೆ, ಆಕ್ಷೇಪಾರ್ಹವಾದದ್ದು ಕಂಡುಬಂದಿಲ್ಲ. ಚಾಲಕ ಓದಿ ನೋಡಿ ‘ಹಪ್ಪಳ ಕ್ಷೇಮ ಅಂತ ಸೇರಿಸಿ ಮಾರಾಯ್ರೇ’ ಎಂದ. ತಾಯಿಯನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದರು.

ಸೋಮವಾರ ತಾಯಿ ಶಿವಮೊಗ್ಗಕ್ಕೆ ಬಂದು, ಮೂಳೆ ಡಾಕ್ಟರಿಗೆ ಮಂಡಿ ತೋರಿಸಿ, ಮಗಳ ಮನೆಯಲ್ಲಿ ಊಟ ಮಾಡಿ, ಸಂಜೆ ಭದ್ರಾವತಿಗೆ ಮರಳಿದರು. ಆ ವಾರವೇ ಮಗ ಒಂದು ಗಾಡಿ ಮಣ್ಣು ತರಿಸಿ ಬಯಲಿನ ಗುಂಡಿ ಮುಚ್ಚಿಸಿದರು.

ಜೂನ್ ಕೊನೆಯಲ್ಲಿ ಮತ್ತೆ ಅರ್ಜಿ ಕೊಟ್ಟು ಅಲ್ಲಿಗೆ ಹೋದೆ. ಮಳೆ ಬಂದು ಹುಲ್ಲು ಮಂಡಿ ಮಟ್ಟ ಎದ್ದಿತ್ತು. ಮೇಲಿನಿಂದಲೂ ಒಂದು ಗೆರೆ ಕಾಣಲಿಲ್ಲ. ಎಲ್ಲ ಒಂದೇ ಹಸಿರು. ಹೆಡ್ ಕಾನ್‌ಸ್ಟೆಬಲ್ ರಜೆಯಲ್ಲಿದ್ದರು, ಲುಂಗಿ ಮೇಲೆತ್ತಿ ಕಟ್ಟಿಕೊಂಡು ನಿಂತು ಹುಲ್ಲು ಕೊಚ್ಚಿಸುತ್ತಿದ್ದರು. ಕೊಚ್ಚುವವನು ನಲ್ಲಿಕಟ್ಟೆಯಿಂದ ನೇರ ಹಿಡಿದಿದ್ದ.

‘ಹಂಗಲ್ಲ ಮಾರಾಯ, ನೇರ ಹೋಗ್ಬೇಡ,’ ಎಂದು ಅವರು ಕೂಗುತ್ತಿದ್ದರು. ‘ಅಲ್ಲಿ ಕ್ರೇನ್‌ನವರ ಮನೆ ಬರುತ್ತೆ. ಮುಂದೆ ಹೋಗಿ ಎಡಕ್ಕೆ ತಿರುಗು.’

ಕಳೆದ ಭಾನುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ತೆಗೆದ ಚಿತ್ರದಲ್ಲಿ ಎರಡು ತಿರುವಿನ ದಾರಿ ಇದೆ, ಅದರ ಕೊನೆಯಲ್ಲಿ ಬಿಳಿ ಚುಕ್ಕೆ ಇದೆ.