ಕೆಂಪಕ್ಕ ಉಳಿಸಿಕೊಂಡ ತೊಟ್ಟಿ

ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕದ ಲ್ಯಾಬಿನಲ್ಲಿ ದುಡಿಯುವ ಆಕೆಗೆ ಕೆಂಪಕ್ಕ ಅಂತ ಹೆಸರು ಬಿದ್ದದ್ದು ಅವಳ ಗಾಜಿನ ನಳಿಕೆಗಳಿಂದ. ತೊಟ್ಟಿಯ ಕೆಸರನ್ನು ನಳಿಕೆಗೆ ಹಾಕಿ, ಬಣ್ಣವಿಲ್ಲದ ಒಂದು ದ್ರಾವಣ ಬೆರೆಸಿ ಬೆಚ್ಚಗೆ ಇಡುತ್ತಿದ್ದಳು. ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಕೊಳೆ ತಿಂದೇ ಬದುಕುವಂಥವು. ತಿಂದದ್ದರಿಂದ ಹೈಡ್ರೋಜನ್ ಕಿತ್ತು ಶಕ್ತಿ ಪಡೆಯಲು ಅವುಗಳೊಳಗೆ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಕೆಲಸ ಮಾಡುತ್ತದೆ. ಹಾಗೆ ಕಿತ್ತ ಹೈಡ್ರೋಜನ್ ದ್ರಾವಣಕ್ಕೆ ಸೇರಿತೋ, ನಳಿಕೆ ಕೆಂಪಾಯಿತು. ಜೀವಿಗಳು ಚುರುಕಾಗಿದ್ದಷ್ಟೂ ಕೆಂಪು ಗಾಢ.

"ಆ ಗಲೀಜಲ್ಲಿ ದಿನಾ ಏನಮ್ಮಾ ಹುಡುಕ್ತೀಯ?" ಅಂತ ಅತ್ತೆ ಮೂಗು ಮುಚ್ಚಿಕೊಂಡೇ ಕೇಳುವರು.

"ಚೆನ್ನಾಗಿ ತಿಂತಿವೆಯಾ ಅಂತ ವಿಚಾರಿಸ್ಕೋತೀನಿ ಅತ್ತೆ."

"ನನ್ನನ್ನೂ ಒಂದಿನ ಹಾಗೆ ವಿಚಾರಿಸು!"

ಒಂದು ಬೆಳಿಗ್ಗೆ ನಳಿಕೆಗಳು ಕೆಂಪಾಗಲೇ ಇಲ್ಲ. ಬೆಳಕಿಗೆ ಹಿಡಿದರೆ ತಳದಲ್ಲಿ ನಸುಗುಲಾಬಿ, ಅಷ್ಟೇ. ಓಡಿಹೋಗಿ ನೋಡಿದರೆ ತೊಟ್ಟಿಯ ಮೇಲೆ ಬಿಳಿ ನೊರೆ ಉಕ್ಕಿತ್ತು, ಆಸಿಡ್ಡಿನ ಘಾಟು ಮೂಗಿಗೆ ಬಡಿಯಿತು. ಯಾರೋ ಚರಂಡಿಗೆ ವಿಷ ಬಿಟ್ಟಿದ್ದರು.

ಮೇಲ್ವಿಚಾರಕರು ತಲೆ ಮೇಲೆ ಕೈಹೊತ್ತರು. "ಪೂರ್ತಿ ಖಾಲಿ ಮಾಡಿ ಹೊಸದಾಗಿ ಶುರು ಮಾಡೋಣ."

ಹಾಗೆ ಮಾಡಿದರೆ ಹೊಸ ಜೀವಿಗಳು ಬೆಳೆಯುವ ತನಕ ವಾರಗಟ್ಟಲೆ ಕೊಳಚೆ ನೇರ ನದಿಗೇ ಹೋಗಬೇಕು.

"ಬೇಡ ಸರ್, ತಳದಲ್ಲಿ ಗುಲಾಬಿ ಇದೆ, ಜೀವಿಗಳಿನ್ನೂ ಸತ್ತಿಲ್ಲ," ಎಂದಳು. "ಬರೋ ನೀರನ್ನ ಸದ್ಯಕ್ಕೆ ಹಿಂದಿರೋ ಖಾಲಿ ತೊಟ್ಟಿಗೆ ತಿರುಗಿಸಿ. ಇದಕ್ಕೆ ಸುಣ್ಣ ಹಾಕಿ ಆಸಿಡ್ ಇಳಿಸೋಣ. ಪಕ್ಕದ ತೊಟ್ಟಿಗೆ ಬೇರೆ ಚರಂಡಿ ನೀರು ಬರುತ್ತೆ, ವಿಷ ತಾಗಿಲ್ಲ, ಅದರ ಕೆಸರನ್ನ ಇಲ್ಲಿಗೆ ಹಾಯಿಸೋಣ."

"ಕೈಕೊಟ್ರೆ?"

"ಕೊಡಲ್ಲ. ಜವಾಬ್ದಾರಿ ನಂದು."

ಅವರು ಅವಳ ಮುಖ ನೋಡಿದರು. ಪಂಪಿನವನನ್ನು ಕೂಗಿ, "ಅಕ್ಕ ಹೇಳ್ದಂಗೆ ಮಾಡಪ್ಪಾ," ಎಂದರು. ಹೇಳಿದ್ದಷ್ಟೇ ಅಲ್ಲ, ಅಂಗಿಯ ತೋಳು ಮಡಚಿ ಸುಣ್ಣದ ಚೀಲಕ್ಕೂ ಕೈಹಚ್ಚಿದರು. ಸಂಜೆಗೆ ಅವರದೂ ಪಂಪಿನವನದೂ ಹುಬ್ಬು ಬೆಳ್ಳಗೆ.

ಮರುದಿನ ಗುಲಾಬಿ ತುಸು ಏರಿತು. ಆಮೇಲೆ ಅಲ್ಲೇ ನಿಂತುಬಿಟ್ಟಿತು. ಮೇಲ್ವಿಚಾರಕರ ಮುಖ ಸಪ್ಪಗಾದರೂ ಅವಳು ಜಗ್ಗಲಿಲ್ಲ. ಗಾಳಿ ಊದುವ ಯಂತ್ರವನ್ನು ಜೋರು ಮಾಡಿಸಿದಳು, ಇನ್ನಷ್ಟು ಕೆಸರು ಹಾಯಿಸಿದಳು. ವಾರ ಕಳೆಯುವಷ್ಟರಲ್ಲಿ ನಳಿಕೆಗಳು ಕಡುಗೆಂಪಾಗಿ ನಿಂತವು. ಪಂಪಿನವನು ಶಿಳ್ಳೆ ಹಾಕಿದ. ಅವಳು ನಳಿಕೆಯನ್ನು ಮೆಲ್ಲಗೆ ಸ್ಟ್ಯಾಂಡಿನಲ್ಲಿಟ್ಟು ಸ್ಟೂಲಿನ ಮೇಲೆ ಕೂತಳು.

ಆಸಿಡ್ ಬಿಟ್ಟ ಲೋಹ ಲೇಪನದ ಶೆಡ್ಡನ್ನು ಪತ್ತೆ ಹಚ್ಚಿ ಬೀಗ ಜಡಿಸಿದ್ದು ಮೇಲ್ವಿಚಾರಕರು. ಉಳಿದ ಘಟಕಗಳಿಗೂ ಈ ಪರೀಕ್ಷೆ ಕಲಿಸಲು ಅವಳನ್ನು ಕಳಿಸಿದ್ದೂ ಅವರೇ. ಬಸ್ಸಿನಲ್ಲಿ ನಳಿಕೆಗಳ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು, ಪಕ್ಕದವರು "ಏನಮ್ಮಾ ಅದು?" ಎಂದರೆ ಸಾಕು, ಇಳಿಯುವ ತನಕ ವಿವರಿಸುತ್ತಾಳೆ.